ಹಿಮ ತೆಗೆಯೋಕೆ ಗೇರ್ ಟ್ರ್ಯಾಕ್ಟರ್ ಸಾಕಾ, ಹೈಡ್ರೋಸ್ಟಾಟಿಕ್ಕೇ ಬೇಕಾ?

ಉದ್ದದಾರಿ:

ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ಬಲ್ಲವರನ್ನು ಒಂದು ಮಾತು ಕೇಳೋಣ ಅಂತ ಬರೆಯುತ್ತಿದ್ದೇನೆ.

ಮನೆಯಿಂದ ರಸ್ತೆಗೆ 180 ಮೀಟರ್ ಜಲ್ಲಿ ದಾರಿ. ಅಗಲ ಮೂರೂವರೆ ಮೀಟರ್. ನಡುವೆ ಒಂದು ಇಳಿಜಾರು. ಮನೆ ಮುಂದೆ ಕಾರು ತಿರುಗಿಸುವಷ್ಟು ಅಂಗಳ. ಅದರ ಒಂದು ಕಡೆ ಶೆಡ್, ಇನ್ನೊಂದು ಕಡೆ ಮರ, ಮೂಲೆಯಲ್ಲಿ ಗ್ಯಾಸ್ ಟ್ಯಾಂಕ್. ಅಲ್ಲಿ ಸೀದಾ ಹೋಗಿ ಬರುವ ಹಾಗಿಲ್ಲ, ಹಿಂದೆ ಮುಂದೆ ಆಡಿಸಲೇಬೇಕು. ಇನ್ನು ದಾರಿ ರಸ್ತೆಗೆ ಸೇರುವ ಕಡೆ, ರಸ್ತೆಯ ಹಿಮ ತಳ್ಳುವ ಪ್ಲೋ ಗಾಡಿ ಹೋದ ಮೇಲೆ ಗಟ್ಟಿ ದಿಬ್ಬ ನಿಂತಿರುತ್ತದೆ. ಇಲ್ಲಿಯವರೆಗೆ ಕೈಯಲ್ಲಿ ತಳ್ಳುವ, ಹಿಮ ಎಸೆಯುವ ಬ್ಲೋವರ್‌ನಲ್ಲೇ ಸಾಗಿಸಿದೆ. ಈಗ ಎಡ ಮೊಣಕಾಲು ಕೇಳುತ್ತಿಲ್ಲ.

ಎರಡು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಿಟ್ಟಿದ್ದೇನೆ. ಎರಡೂ 35 ಎಚ್‌ಪಿ, ಎರಡೂ ಫೋರ್ ವೀಲ್ ಡ್ರೈವ್. ಒಂದು ಗೇರಿನದು. ಮುಂದಕ್ಕೆ 12, ಹಿಂದಕ್ಕೆ 12. ಸ್ಟೀರಿಂಗ್ ಕೆಳಗೆ ಮುಂದಕ್ಕೆ ಹಿಂದಕ್ಕೆ ದಿಕ್ಕು ಬದಲಿಸುವ ಶಟಲ್ ಲಿವರ್ ಇದೆ. ಇನ್ನೊಂದು ಹೈಡ್ರೋಸ್ಟಾಟಿಕ್, ಅಂದರೆ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವುದು, ಮೂರು ರೇಂಜಿನದು (ಲೋ, ಮೀಡಿಯಂ, ಹೈ). ಇದರ ಬೆಲೆ ಜಾಸ್ತಿ. ಯಾವುದಕ್ಕಾದರೂ ಹಿಂದೆ ಕಟ್ಟುವ 1.6 ಮೀಟರ್ ಅಗಲದ ಬ್ಲೋವರ್ ಹಾಕುವ ಯೋಚನೆ.

ಹೈಡ್ರೋ ಎಂಜಿನ್ ಶಕ್ತಿ ತಿಂದುಹಾಕುತ್ತದೆ, ಚಳಿಯಲ್ಲಿ ಮಂಕಾಗುತ್ತದೆ, ಕೆಟ್ಟರೆ ರಿಪೇರಿ ದುಬಾರಿ ಅಂತ ಕೇಳಿದ್ದೇನೆ. ಗೇರ್ ಆದರೆ ಗಟ್ಟಿ, ಆದರೆ ಕಾಲಿಗೆ ಕೆಲಸ ಅಂತಾರೆ. ಬೇಸಿಗೆಯಲ್ಲಿ ಸೌದೆ ಎಳೆಯೋದು, ಜಲ್ಲಿ ಹರಡೋದು ಬಿಟ್ಟರೆ ಬೇರೆ ಕೆಲಸ ಏನಿಲ್ಲ. ಅನುಭವ ಇರುವವರು ಹೇಳಿ.

ಪೆಡಲ್‌ರಾಜ:

ಹೈಡ್ರೋ ಸರ್, ಯೋಚನೆನೇ ಬೇಡ. ಎಡ ಮೊಣಕಾಲು ಕೇಳುತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ ಅಲ್ವಾ? ಶಟಲ್ ಲಿವರ್ ಇದ್ದರೂ ಪ್ರತಿ ಸಲ ಕ್ಲಚ್ ಒತ್ತಲೇಬೇಕು. ದಪ್ಪ ಬೂಟು ಹಾಕಿಕೊಂಡು, ಹಿಮ ಮೆತ್ತಿದ ಪೆಡಲ್ ಮೇಲೆ. ಹೈಡ್ರೋದಲ್ಲಿ ಬಲಗಾಲು ಒಂದೇ ಸಾಕು. ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಹಳೇಗೇರು:

ಈಗ ಎಲ್ಲರ ಬಾಯಲ್ಲೂ ಹೈಡ್ರೋ. ಹೊಸ ಫ್ಯಾಶನ್. ನನ್ನದು ಗೇರ್ ಗಾಡಿ, ನನ್ನ ದಾರಿ ಅರ್ಧ ಕಿಲೋಮೀಟರ್, ಹೆಚ್ಚು ಕಮ್ಮಿ ನೇರ. ಲೋ ರೇಂಜ್ ಎರಡನೇ ಗೇರಿಗೆ ಹಾಕಿ, ಎಂಜಿನ್ ಅನ್ನು ಪಿಟಿಒ (ಬ್ಲೋವರ್ ತಿರುಗಿಸಲು ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ಶಾಫ್ಟ್) ವೇಗಕ್ಕೆ ಏರಿಸಿ ಕ್ಲಚ್ ಬಿಟ್ಟರೆ ಆಯಿತು. ಆಮೇಲೆ ಎರಡೂ ಕಾಲಿಗೆ ರಜಾ. ಸ್ಟೀರಿಂಗ್ ಹಿಡಿದು ಕೊಳವೆ ಯಾವ ಕಡೆ ಎಸೆಯುತ್ತಿದೆ ಅಂತ ನೋಡಿಕೊಂಡರೆ ಸಾಕು. ಹೈಡ್ರೋದವರು ಅಷ್ಟೂ ಹೊತ್ತು ಪೆಡಲ್ ಒತ್ತಿ ಹಿಡಿದು ಕೂರಬೇಕು. ವೇಗ ಹಿಡಿದಿಡುವ ಕ್ರೂಸ್ ಇದ್ದರೂ ಬಹಳ ಗಾಡಿಗಳಲ್ಲಿ ಅದು ಮುಂದಕ್ಕೆ ಮಾತ್ರ. ಹಿಂದೆ ಕಟ್ಟುವ ಬ್ಲೋವರ್‌ಗೆ ಹೋಗಬೇಕಾದ್ದು ರಿವರ್ಸ್‌ನಲ್ಲಿ. ಅದನ್ನು ಯಾರೂ ಹೇಳಲ್ಲ.

ಶಕ್ತಿಯ ಮಾತು ಸುಳ್ಳಲ್ಲ. ಒಂದೇ ಮಾಡೆಲ್‌ನ ಗೇರ್ ಮತ್ತು ಹೈಡ್ರೋ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಪಿಟಿಒ ಎಚ್‌ಪಿ ಸಾಮಾನ್ಯವಾಗಿ ಹೈಡ್ರೋದಲ್ಲಿ ಒಂದೆರಡು ಕಡಿಮೆ ಬರೆದಿರುತ್ತಾರೆ. ದುಡ್ಡು ಜಾಸ್ತಿ ಕೊಟ್ಟು ಶಕ್ತಿ ಕಮ್ಮಿ ತಗೊಳ್ಳೋದು ಯಾವ ಲೆಕ್ಕ?

ಗ್ರೀಸ್‌ಡಬ್ಬಿ:

ಇಬ್ಬರೂ ತಮ್ಮ ತಮ್ಮ ದಾರಿಗೆ ಸರಿಯಾದ ಉತ್ತರ ಕೊಟ್ಟಿದ್ದಾರೆ. ಕೇಳಿದವರ ದಾರಿ ಬೇರೆ. ನಾನು ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಚಳಿಗಾಲದಲ್ಲಿ ನಾಲ್ಕಾರು ಮನೆಗಳ ಹಿಮವನ್ನೂ ತೆಗೆಯುತ್ತೇನೆ. ಎರಡು ಥರದ ಗಾಡಿಯೂ ಕೈಗೆ ಬರುತ್ತದೆ, ಹಾಗಾಗಿ ಯಾವ ಕಡೆಯ ಅಭಿಮಾನವೂ ಇಲ್ಲ.

ಮೊದಲು ಬ್ಲೋವರ್‌ಗೆ ಏನು ಬೇಕು ಅಂತ ನೋಡೋಣ. ಅದಕ್ಕೆ ಬೇಕಾಗಿರುವುದು ಒಂದೇ: ಪಿಟಿಒ 540 ಆರ್‌ಪಿಎಂನಲ್ಲಿ ನಿಲ್ಲಬೇಕು. ಗಾಡಿ ಓಡಲಿ, ತೆವಳಲಿ, ನಿಲ್ಲಲಿ, ಅದು ಇಳಿಯಬಾರದು. ಹಿಂದಿನ ಬ್ಲೋವರ್‌ನ ಫ್ಯಾನ್ 60 ಸೆಂಟಿಮೀಟರ್ ಇದ್ದು ನೇರವಾಗಿ 540ರಲ್ಲಿ ತಿರುಗಿದರೆ, ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿರುತ್ತದೆ. ಹಿಮ ಎಷ್ಟು ದೂರ ಹೋಗುತ್ತದೆ ಅನ್ನೋದು ಆ ವೇಗದ ವರ್ಗಕ್ಕೆ ತಕ್ಕಂತೆ. ನೀವು ಥ್ರಾಟಲ್ ಇಳಿಸಿ ಎಂಜಿನ್ ವೇಗವನ್ನು ನೂರಕ್ಕೆ 20 ಕಡಿಮೆ ಮಾಡಿದಿರಿ ಅಂದುಕೊಳ್ಳಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ ಎಸೆತ ಮೊದಲಿನ ನೂರಕ್ಕೆ 64ಕ್ಕೆ ಇಳಿಯುತ್ತದೆ. ಹತ್ತು ಮೀಟರ್ ಹೋಗುತ್ತಿದ್ದದ್ದು ಆರೂವರೆಗೆ ಬೀಳುತ್ತದೆ. ಒದ್ದೆ ಹಿಮವಾದರೆ ಅದೂ ಇಲ್ಲ, ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಅಂದರೆ ಕಾರಿನ ಹಾಗೆ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡುವ ದಾರಿ ಇಲ್ಲಿ ಮುಚ್ಚಿದೆ. ಎಂಜಿನ್ ಹಾಗೇ ಕೂಗುತ್ತಿರಬೇಕು, ಚಕ್ರ ಮಾತ್ರ ನಿಧಾನ ಆಗಬೇಕು.

ಎಷ್ಟು ನಿಧಾನ? ಇದು ಹಿಮದ ತೂಕದ ಮೇಲೆ. ನಿಮ್ಮ 1.6 ಮೀಟರ್ ಬ್ಲೋವರ್, 30 ಸೆಂಟಿಮೀಟರ್ ಹಿಮ, ಗಂಟೆಗೆ 2 ಕಿ.ಮೀ. ವೇಗ ಇಟ್ಟುಕೊಳ್ಳಿ. ಹೊಸದಾಗಿ ಬಿದ್ದ ಹಗುರ ಹಿಮ ಘನ ಮೀಟರಿಗೆ 100 ಕಿಲೋ ಇದ್ದರೆ, ಬ್ಲೋವರ್ ಬಾಯಿಗೆ ಸೆಕೆಂಡಿಗೆ ಸುಮಾರು 27 ಕಿಲೋ ಹೋಗುತ್ತದೆ. ಅದನ್ನು ಬರೀ ಎಸೆಯೋಕೆ 5 ಎಚ್‌ಪಿ ಸಾಕು. ಅದೇ ಹಿಮ ಕೂತು ಗಟ್ಟಿಯಾಗಿ 300 ಕಿಲೋ ಆಗಿದ್ದರೆ? ಸೆಕೆಂಡಿಗೆ 80 ಕಿಲೋ. ಎಸೆಯೋಕೇ 15 ಎಚ್‌ಪಿ ದಾಟುತ್ತದೆ. ಆಗರ್ (ಬ್ಲೋವರ್ ಬಾಯಲ್ಲಿ ತಿರುಗುವ ಸುರುಳಿ ಅಲಗು) ಹಿಮ ಕತ್ತರಿಸುವುದು, ಒಳಗಿನ ಉಜ್ಜಾಟ, ಗಾಡಿ ತಳ್ಳುವುದು ಎಲ್ಲ ಬೇರೆ. ಇನ್ನು ಪ್ಲೋ ಬಿಟ್ಟು ಹೋದ ದಿಬ್ಬ ಎತ್ತರವೂ ದುಪ್ಪಟ್ಟು, ತೂಕವೂ ಅದಕ್ಕಿಂತ ಜಾಸ್ತಿ. ಅಲ್ಲಿ ಗಂಟೆಗೆ ಅರ್ಧ ಕಿ.ಮೀ.ಗಿಂತ ಕೆಳಗೆ ಇಳಿಯದೆ ಗತಿ ಇಲ್ಲ.

ಅಂದರೆ ಒಂದೇ ದಾರಿಯಲ್ಲಿ, ಹತ್ತು ಹೆಜ್ಜೆ ಅಂತರದಲ್ಲಿ, ವೇಗ 2ರಿಂದ ಅರ್ಧಕ್ಕೆ ಬರಬೇಕು. ಗಾಳಿಗೆ ಕೂಡಿಕೊಂಡ ಕಡೆ ಒಂದಕ್ಕೆ, ಖಾಲಿ ಕಡೆ ಮತ್ತೆ ಎರಡೂವರೆಗೆ. ಗೇರ್ ಗಾಡಿಯಲ್ಲಿ ಮೆಟ್ಟಿಲು ಇರುತ್ತದೆ. ಒಂದು ಗೇರ್ 1.5 ಇದ್ದರೆ ಮುಂದಿನದು 2.2 ಇರಬಹುದು. ನಡುವಿನದು ಬೇಕು ಅಂದರೆ ಸಿಗಲ್ಲ. ಹಾಗಾಗಿ ಜನ ಏನು ಮಾಡುತ್ತಾರೆ ಗೊತ್ತಾ? ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯುತ್ತಾರೆ. ನನ್ನ ಶೆಡ್ಡಿಗೆ ಚಳಿಗಾಲದ ಕೊನೆಗೆ ಬರುವ ಸುಟ್ಟ ಕ್ಲಚ್ ಪ್ಲೇಟ್‌ಗಳಿಗೆ ಇದೇ ಮುಖ್ಯ ಕಾರಣ. ಕ್ಲಚ್ ಪ್ಲೇಟ್ ಹಾಕೋಕೆ ಗಾಡಿಯನ್ನು ನಡುವೆ ಎರಡು ಭಾಗ ಮಾಡಬೇಕು. ಹೈಡ್ರೋ ರಿಪೇರಿ ದುಬಾರಿ ಅನ್ನುವವರು ಈ ಲೆಕ್ಕವನ್ನೂ ಹಾಕಲಿ.

ಹೈಡ್ರೋದೊಳಗೆ ಇರುವುದು ಒಂದು ಪಿಸ್ಟನ್ ಪಂಪು, ಒಂದು ಆಯಿಲ್ ಮೋಟರ್. ಪಂಪಿನೊಳಗೆ ವಾಲುವ ತಟ್ಟೆ ಇದೆ. ನೀವು ಪೆಡಲ್ ಒತ್ತಿದಾಗ ಆ ತಟ್ಟೆ ಓರೆಯಾಗುತ್ತದೆ, ಅಷ್ಟು ಆಯಿಲ್ ಮೋಟರಿಗೆ ಹೋಗುತ್ತದೆ, ಅಷ್ಟು ವೇಗ ಬರುತ್ತದೆ. ತಟ್ಟೆ ಇನ್ನೊಂದು ಕಡೆ ವಾಲಿದರೆ ರಿವರ್ಸ್. ಮೆಟ್ಟಿಲೇ ಇಲ್ಲ. ಎಂಜಿನ್ ವೇಗಕ್ಕೂ ನೆಲದ ವೇಗಕ್ಕೂ ಗಂಟು ಇಲ್ಲ. ಬ್ಲೋವರ್‌ಗೆ ಬೇಕಾಗಿದ್ದು ಇದೇ.

ಶಕ್ತಿ ತಿನ್ನುವುದು ನಿಜ, ಹಳೇಗೇರು ಅವರು ಹೇಳಿದ್ದು ಸರಿ. ಆದರೆ ಆಯಿಲ್ ಮೂಲಕ ಹೋಗುವುದು ಚಕ್ರದ ಶಕ್ತಿ ಮಾತ್ರ. ಪಿಟಿಒಗೆ ಹೋಗುವುದು ಹೈಡ್ರೋ ಗಾಡಿಯಲ್ಲೂ ಶಾಫ್ಟ್ ಮತ್ತು ಗೇರ್ ಮೂಲಕವೇ. ನೇಗಿಲು ಹೊಡೆಯುವಾಗ ಶಕ್ತಿಯೆಲ್ಲ ಚಕ್ರಕ್ಕೆ ಹೋಗಬೇಕು, ಅಲ್ಲಿ ಹೈಡ್ರೋ ಸೋಲುತ್ತದೆ. ಹಿಮ ಎಸೆಯುವಾಗ ಗಾಡಿ ತೆವಳುತ್ತಿರುತ್ತದೆ, ಚಕ್ರಕ್ಕೆ ಬೇಕಾದದ್ದು ಕಡಿಮೆ. ಆ ಒಂದೆರಡು ಎಚ್‌ಪಿ ಹೋದರೆ ನೀವು ಸ್ವಲ್ಪ ನಿಧಾನ ಹೋಗುತ್ತೀರಿ, ಅಷ್ಟೇ. ಹಾಗೇ, ಇದು ಹೊಸ ಫ್ಯಾಶನ್ ಏನಲ್ಲ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು 656 ಟ್ರ್ಯಾಕ್ಟರನ್ನು ಹೈಡ್ರೋಸ್ಟಾಟಿಕ್‌ನಲ್ಲಿ ಬಿಟ್ಟಿದ್ದು 1967ರಲ್ಲಿ.

ಈಗ ನಿಮ್ಮ ಜಾಗ. ಮೂರೂವರೆ ಮೀಟರ್ ಅಗಲಕ್ಕೆ ಮೂರು ಸಾಲು ಬೇಕು. 180 ಮೀಟರನ್ನು 2 ಕಿ.ಮೀ. ವೇಗದಲ್ಲಿ ಮಾಡಿದರೆ ಒಂದು ಸಾಲಿಗೆ ಐದೂವರೆ ನಿಮಿಷ. ಮೂರಕ್ಕೆ ಹದಿನಾರು, ಹದಿನೇಳು. ಈ ಭಾಗದಲ್ಲಿ ಗೇರ್ ಆದರೂ ಹೈಡ್ರೋ ಆದರೂ ಒಂದೇ. ಅಂಗಳಕ್ಕೆ ಬನ್ನಿ. ಹತ್ತು ಮೀಟರ್ ಓಟ, 18 ಸೆಕೆಂಡಿಗೆ ಮುಗಿಯಿತು. ನಿಲ್ಲಿಸು, ಬ್ಲೋವರ್ ಎತ್ತು, ಮುಂದೆ ಬಾ, ಇಳಿಸು, ಹಿಂದೆ ಹೋಗು. ಗೇರ್ ಗಾಡಿಯಲ್ಲಿ ಒಂದು ಸುತ್ತಿಗೆ ಕನಿಷ್ಠ ಎರಡು ಸಲ ಕ್ಲಚ್. ಅಂಗಳ ಮುಗಿಯುವ ಹೊತ್ತಿಗೆ ನಿಮ್ಮ ಮೊಣಕಾಲಿನ ಗತಿ ಏನು?

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೊದಲ ಪ್ರಶ್ನೆ ಗೇರಾ ಹೈಡ್ರೋನಾ ಅಂತ ಅಲ್ಲ. ಆ ಗೇರ್ ಗಾಡಿಯ ಪಿಟಿಒ ಯಾವ ಥರದ್ದು? ಅದು ಗೊತ್ತಾಗದೆ ಮುಂದೆ ಮಾತಾಡೋದು ದಂಡ.

ಉದ್ದದಾರಿ:

ಗ್ರೀಸ್‌ಡಬ್ಬಿ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಮಾರುವವರನ್ನು ಕೇಳಿದೆ. ಗೇರ್ ಗಾಡಿಗೆ ಎರಡು ಹಂತದ ಕ್ಲಚ್ ಅಂತೆ, ಲೈವ್ ಪಿಟಿಒ ಅಂದರು. ಹೈಡ್ರೋಗೆ ಇಂಡಿಪೆಂಡೆಂಟ್ ಪಿಟಿಒ, ಬಟನ್ ಒತ್ತಿದರೆ ಆನ್ ಆಗುತ್ತದೆ. ಲೈವ್ ಇದ್ದರೆ ಸಾಕಲ್ವಾ? ಎರಡಕ್ಕೂ ವ್ಯತ್ಯಾಸ ಏನು?

ಗ್ರೀಸ್‌ಡಬ್ಬಿ:

ಮೂರು ಥರ ಇದೆ. ತೀರಾ ಹಳೆಯ ಗಾಡಿಗಳಲ್ಲಿ ಕ್ಲಚ್ ಒತ್ತಿದರೆ ಗಾಡಿಯೂ ನಿಲ್ಲುತ್ತದೆ, ಪಿಟಿಒ ಕೂಡ ನಿಲ್ಲುತ್ತದೆ. ಹಿಮಕ್ಕೆ ಅದು ಬೇಡವೇ ಬೇಡ. ಹಿಮ ಜಾಸ್ತಿ ಆಯಿತು ಅಂತ ನೀವು ಗಾಡಿ ನಿಲ್ಲಿಸುತ್ತೀರಿ, ಆ ಹಿಮವನ್ನು ಎಸೆಯಬೇಕಾದ ಫ್ಯಾನೂ ಅದೇ ಹೊತ್ತಿಗೆ ನಿಲ್ಲುತ್ತದೆ. ಇನ್ನೊಂದು ಅಪಾಯ, ಕ್ಲಚ್ ಒತ್ತಿದ ಮೇಲೂ ತಿರುಗುತ್ತಿರುವ ಫ್ಯಾನಿನ ಭಾರ ಶಾಫ್ಟ್ ಮೂಲಕ ಗೇರ್ ಬಾಕ್ಸಿಗೆ ಬಂದು ಗಾಡಿಯನ್ನು ತಳ್ಳುತ್ತದೆ. ಅದನ್ನು ತಪ್ಪಿಸೋಕೆ ಒಂದೇ ಕಡೆ ಹಿಡಿಯುವ ಓವರ್‌ರನ್ ಕಪ್ಲಿಂಗ್ ಹಾಕಬೇಕಾಗುತ್ತದೆ.

ನಿಮಗೆ ಹೇಳಿರುವ ಲೈವ್ ಪಿಟಿಒ ನಡುವಿನದು. ಕ್ಲಚ್ಚನ್ನು ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆ, ಬ್ಲೋವರ್ ಓಡುತ್ತಿರುತ್ತದೆ. ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತವೆ. ಕೆಲಸ ನಡೆಯುತ್ತದೆ, ಇಲ್ಲ ಅನ್ನಲ್ಲ. ತೊಂದರೆ ಎಲ್ಲಿ ಅಂದರೆ, ಆ ಅರ್ಧ ಎಲ್ಲಿ ಮುಗಿಯಿತು ಅಂತ ದಪ್ಪ ಬೂಟಿನೊಳಗಿನ ಕಾಲಿಗೆ ಗೊತ್ತಾಗಲ್ಲ. ಸ್ವಲ್ಪ ಜಾಸ್ತಿ ಒತ್ತಿದಿರೋ, ಬ್ಲೋವರ್ ಬಾಯಿ ತುಂಬಿಕೊಂಡೇ ನಿಲ್ಲುತ್ತದೆ. ಮತ್ತೆ ಪೆಡಲ್ ಬಿಟ್ಟಾಗ ತುಂಬಿದ ಬ್ಲೋವರ್ ಒಂದೇ ಏಟಿಗೆ ತಿರುಗಬೇಕು. ಟಕ್ ಅಂತ ಶಿಯರ್ ಬೋಲ್ಟ್ (ಭಾರ ಜಾಸ್ತಿಯಾದರೆ ತಾನು ಮುರಿದು ಬ್ಲೋವರ್ ಉಳಿಸುವ ಬೋಲ್ಟ್) ಹೋಗುತ್ತದೆ. ಕತ್ತಲಲ್ಲಿ, ಚಳಿಯಲ್ಲಿ, ಗ್ಲೌಸ್ ತೆಗೆದು ಬೋಲ್ಟ್ ಹಾಕೋದು ಇದೆಯಲ್ಲ, ಅದನ್ನು ಮಾಡಿದವರಿಗೇ ಗೊತ್ತು.

ಇಂಡಿಪೆಂಡೆಂಟ್ ಪಿಟಿಒಗೆ ತನ್ನದೇ ಕ್ಲಚ್ ಇರುತ್ತದೆ. ಗಾಡಿಯ ಕ್ಲಚ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಆ ಗೇರ್ ಗಾಡಿಗೆ ಇದಿದ್ದರೆ ನಾನು ಇನ್ನೂ ಸ್ವಲ್ಪ ಯೋಚಿಸಿ ಅನ್ನುತ್ತಿದ್ದೆ. ಎಡಗಾಲು ಗಟ್ಟಿ ಇರುವವರಿಗೆ, ಉದ್ದ ದಾರಿ ಇರುವವರಿಗೆ ಅದು ಒಳ್ಳೆ ಗಾಡಿಯೇ. ಪವರ್ ಶಟಲ್ ಅಂತ ಇನ್ನೊಂದು ಬರುತ್ತದೆ. ಅದರಲ್ಲಿ ದಿಕ್ಕು ಬದಲಿಸೋಕೆ ಕ್ಲಚ್ ಒತ್ತುವುದೇ ಬೇಡ, ಲಿವರ್ ತಳ್ಳಿದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗಳು ತಾವೇ ಹಿಡಿಯುತ್ತವೆ. ಆದರೆ ಅದು ಬಹುತೇಕ ದೊಡ್ಡ ಗಾಡಿಗಳಲ್ಲಿ ಸಿಗುವುದು.

ನಿಮ್ಮ ಎರಡರಲ್ಲಿ ಹೈಡ್ರೋನೇ ತಗೊಳ್ಳಿ. ಕಂಡೀಷನ್ ಚೆನ್ನಾಗಿದ್ದರೆ ಮಾತ್ರ.

ಪಾಳಿಗೆ‌ಮುಂಚೆ:

ನಾನು ಬೆಳಗಿನ ಪಾಳಿಗೆ ಹೋಗುವ ಮುಂಚೆ ಹೈಡ್ರೋದಲ್ಲೇ ಹಿಮ ತೆಗೆಯುವವಳು. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ಎಲ್ಲ ಹೈಡ್ರೋ ಪೆಡಲ್‌ಗಳೂ ಒಂದೇ ಥರ ಅಲ್ಲ. ಕೆಲವಕ್ಕೆ ಒಂದೇ ಉದ್ದ ಪೆಡಲ್. ಮುಂದಕ್ಕೆ ಪಾದದ ತುದಿ, ಹಿಂದಕ್ಕೆ ಹಿಮ್ಮಡಿ. ಕೆಲವಕ್ಕೆ ಪಕ್ಕಪಕ್ಕ ಎರಡು ಪೆಡಲ್. ಹಿಂದಿನ ಬ್ಲೋವರ್ ಅಂದರೆ ಪೂರಾ ಕೆಲಸ ರಿವರ್ಸ್‌ನಲ್ಲಿ. ಹಿಮ್ಮಡಿಯಲ್ಲಿ ಒತ್ತುತ್ತಾ, ದೇಹ ತಿರುಗಿಸಿ ಹಿಂದೆ ನೋಡುತ್ತಾ ಅರ್ಧ ಗಂಟೆ ಕೂತು ನೋಡಿ. ಕಣಕಾಲು, ಸೊಂಟ, ಕುತ್ತಿಗೆ ಮೂರೂ ಮಾತಾಡುತ್ತವೆ. ಉದ್ದದಾರಿ ಅವರೇ, ಮೊಣಕಾಲು ಉಳಿಸೋಕೆ ಹೋಗಿ ಕುತ್ತಿಗೆ ಕಳೆದುಕೊಳ್ಳಬೇಡಿ. ಟ್ರ್ಯಾಕ್ಟರ್ ಮೇಲೆ ಕೂತು, ಹಿಂದೆ ತಿರುಗಿ, ರಿವರ್ಸ್ ಪೆಡಲ್ ಒತ್ತಿ ನೋಡಿ. ಚಳಿಗಾಲದ ಬೂಟನ್ನೇ ಹಾಕಿಕೊಂಡು ಹೋಗಿ.

ದುಡ್ಡು ಹೊಂದಿದರೆ ಮುಂದೆ ಕಟ್ಟುವ ಬ್ಲೋವರ್ ನೋಡಿ. ಗಾಡಿಯ ನಡುವಿನ ಪಿಟಿಒನಿಂದ ಓಡುತ್ತದೆ, ಅದು ಸಾಮಾನ್ಯವಾಗಿ 2000 ಆರ್‌ಪಿಎಂನದು. ನಾನು ಹಿಂದಿನದರಿಂದ ಮುಂದಿನದಕ್ಕೆ ಬದಲಾಯಿಸಿದೆ. ಹಾಕೋದು ತೆಗೆಯೋದು ತಲೆನೋವು, ಮುಂದೆ ಬಕೆಟ್ ಎತ್ತುವ ಲೋಡರ್ ಕಳಚಿಡಬೇಕು. ಆದರೆ ಎದುರು ನೋಡಿಕೊಂಡು ಕೆಲಸ ಮಾಡೋ ಸುಖವೇ ಬೇರೆ.

ಹಳೇಗೇರು:

ಅಕ್ಕ ಹೇಳಿದ್ದು ಸರಿ. ಕುತ್ತಿಗೆ ನೋವಿಗೆ ಗೇರೂ ಒಂದೇ, ಹೈಡ್ರೋನೂ ಒಂದೇ. ನನ್ನದು ಎಳೆಯುವ ಬ್ಲೋವರ್. ಹಿಂದೆ ಕಟ್ಟಿದ್ದರೂ ಬಾಯಿ ಟ್ರ್ಯಾಕ್ಟರ್ ಕಡೆಗೆ ಇರುತ್ತದೆ, ಗಾಡಿ ಮುಂದಕ್ಕೆ ಹೋಗುತ್ತಾ ಎಳೆದುಕೊಳ್ಳುತ್ತದೆ. ಆದರೆ ಹಿಮದ ಮೇಲೆ ಚಕ್ರ ಮೊದಲು ಹತ್ತುತ್ತದೆ. ಜಾಸ್ತಿ ಬಿದ್ದ ದಿನ ಗಾಡಿಯ ಹೊಟ್ಟೆ ತಾಗುತ್ತದೆ. ದಿಬ್ಬಕ್ಕಂತೂ ಅದು ಆಗಲ್ಲ.

ಗ್ರೀಸ್‌ಡಬ್ಬಿ ಅವರು ಇಳಿಜಾರಿನ ಬಗ್ಗೆ ಏನೂ ಹೇಳಲಿಲ್ಲ. ಅಲ್ಲಿ ಗೇರೇ ವಾಸಿ ಅಂತ ನನ್ನ ವಾದ. ಲೋ ಗೇರಿಗೆ ಹಾಕಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ.

ಗ್ರೀಸ್‌ಡಬ್ಬಿ:

ಗೇರಿನಲ್ಲಿ ಇರುವವರೆಗೆ ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಕ್ಲಚ್ ಒತ್ತಿದ ಕೂಡಲೇ ಬಿಡುತ್ತದೆ. ಹಿಮ ಗಟ್ಟಿ ಆಯಿತು ಅಂತ ಕ್ಲಚ್ ಒತ್ತುವುದೂ ಅಲ್ಲೇ ಅಲ್ವಾ? ಹೈಡ್ರೋದಲ್ಲಿ ಪೆಡಲ್ ಬಿಟ್ಟರೆ ಆಯಿಲ್ಲೇ ತಡೆಯುತ್ತದೆ. ಅದಕ್ಕೂ ಒಂದು ಗುಣ ಇದೆ, ಮಂಜುಗಡ್ಡೆ ಮೇಲೆ ಪೆಡಲನ್ನು ಥಟ್ಟನೆ ಬಿಟ್ಟರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಕಾಲನ್ನು ಮೆಲ್ಲಗೆ ಎತ್ತಬೇಕು. ಎರಡರಲ್ಲೂ ಫೋರ್ ವೀಲ್ ಹಾಕಿಯೇ ಇಳಿಯಿರಿ. ಈ ಸೈಜಿನ ಬಹುತೇಕ ಗಾಡಿಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರವೂ ಶಾಫ್ಟ್ ಮೂಲಕ ಅದಕ್ಕೆ ಗಂಟು ಬೀಳುತ್ತದೆ.

ಒಂದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಹೈಡ್ರೋ ಗಾಡಿಯ ರೇಂಜ್ ಲಿವರನ್ನು ಇಳಿಜಾರಿನಲ್ಲಿ ಮುಟ್ಟಲೇಬಾರದು. ಲೋ ಮತ್ತು ಮೀಡಿಯಂ ನಡುವೆ ನ್ಯೂಟ್ರಲ್ ಬರುತ್ತದೆ. ಆ ಕ್ಷಣ ಆಯಿಲ್‌ನ ಹಿಡಿತ ಇರಲ್ಲ, ಗಾಡಿ ಸುಮ್ನೆ ಉರುಳುತ್ತದೆ. ಮೇಲೆಯೇ ಲೋಗೆ ಹಾಕಿ, ಕೆಳಗೆ ಬರುವವರೆಗೆ ಹಾಗೇ ಬಿಡಿ.

ಇನ್ನೊಂದು ಅಭ್ಯಾಸದ ವಿಷಯ. ಹೈಡ್ರೋ ದಿಬ್ಬಕ್ಕೆ ತಾಗಿ ನಿಂತಾಗ ಹೊಸಬರು ಪೆಡಲ್ ಇನ್ನೂ ಜೋರಾಗಿ ಒತ್ತುತ್ತಾರೆ. ಒಳಗಿಂದ ಕೀ ಅಂತ ಕಿರುಚುವ ಸದ್ದು ಬರುತ್ತದೆ. ರಿಲೀಫ್ ವಾಲ್ವ್ ತೆರೆದು ಆಯಿಲ್ ಸುತ್ತು ಹೊಡೆಯುತ್ತಿದೆ, ಅಂದರೆ ಬರೀ ಬಿಸಿ ಆಗುತ್ತಿದೆ. ಎಂಜಿನ್ ಕುಗ್ಗುತ್ತಿದ್ದರೂ ಅಷ್ಟೇ. ಮಾಡಬೇಕಾದ್ದು ತಲೆಕೆಳಗು. ಪೆಡಲ್ ಸ್ವಲ್ಪ ಬಿಡಿ. ತಟ್ಟೆ ನೆಟ್ಟಗಾಗುತ್ತದೆ, ವೇಗ ಇಳಿಯುತ್ತದೆ, ಅದೇ ಎಂಜಿನ್ನಿಗೆ ತಳ್ಳುವ ಬಲ ಹೆಚ್ಚು ಸಿಗುತ್ತದೆ. ಗೇರ್ ಇಳಿಸಿದ ಹಾಗೇ ಅದು. ಹಿಮಕ್ಕೆ ಯಾವಾಗಲೂ ಲೋ ರೇಂಜ್. ಹಗುರ ಹಿಮ ಬಿದ್ದ ದಿನ ಮೀಡಿಯಂ ನೋಡಬಹುದು. ಹೈ ರೇಂಜ್ ರಸ್ತೆ ಮೇಲೆ ಹೋಗೋಕೆ ಮಾತ್ರ.

ಉದ್ದದಾರಿ:

ಹೈಡ್ರೋ ಅಂತ ಮನಸ್ಸು ಮಾಡಿದೆ. ಪೆಡಲ್ ಪಕ್ಕಪಕ್ಕ ಎರಡು ಇರುವ ಥರ, ಬೂಟು ಹಾಕಿಕೊಂಡೇ ನೋಡಿ ಬಂದೆ, ತೊಂದರೆ ಅನ್ನಿಸಲಿಲ್ಲ. ಅಕ್ಕನಿಗೆ ಥ್ಯಾಂಕ್ಸ್. ಈ ವಾರ ಓಡಿಸಿ ನೋಡೋಕೆ ಹೋಗುತ್ತೇನೆ. ಹಳೇ ಹೈಡ್ರೋದಲ್ಲಿ ಏನು ನೋಡಬೇಕು? ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಏನಾದರೂ ವಿಶೇಷ ಇದೆಯಾ? ನಮ್ಮಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯ.

ಗ್ರೀಸ್‌ಡಬ್ಬಿ:

ಮೊದಲು ಹೇಳಿಬಿಡಿ: ನಾನು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ. ತಣ್ಣಗಿರುವಾಗ ಹೇಗೆ ಹತ್ತುತ್ತದೆ ನೋಡಬೇಕು. ಆಮೇಲೆ ಅರ್ಧ ಗಂಟೆಯಾದರೂ ಓಡಿಸಿ, ಚೆನ್ನಾಗಿ ಬಿಸಿ ಮಾಡಿ. ಸವೆದ ಹೈಡ್ರೋ ತಣ್ಣಗಿರುವಾಗ ಗಟ್ಟಿಯಾಗಿಯೇ ತಳ್ಳುತ್ತದೆ. ಆಯಿಲ್ ದಪ್ಪ ಇರುವುದರಿಂದ ಒಳಗಿನ ಸೋರಿಕೆ ಮುಚ್ಚಿಹೋಗಿರುತ್ತದೆ. ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಏರು ಹತ್ತಿಸಿ. ಆಗ ಬಲ ಬಿದ್ದುಹೋದರೆ ಪಂಪು ಅಥವಾ ಮೋಟರ್ ಸವೆದಿದೆ. ಬೆಲೆ ಎಷ್ಟೇ ಇಳಿಸಲಿ, ವಾಪಸ್ ಬನ್ನಿ. ಸಣ್ಣಗೆ ಕುಯ್ ಅನ್ನುವ ಸದ್ದು ಹೈಡ್ರೋಗೆ ಸಹಜ, ಅದಕ್ಕೆ ಹೆದರಬೇಡಿ.

ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ. ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ. ಚಳಿಗೆ ಆ ನೀರು ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಆಯಿಲ್ ಮತ್ತು ಫಿಲ್ಟರ್ ಯಾವಾಗ ಬದಲಾಯಿಸಿದರು ಅಂತ ಕೇಳಿ. ಹೈಡ್ರೋವನ್ನು ಕೊಲ್ಲುವುದು ಹಿಮವೂ ಅಲ್ಲ, ಭಾರವೂ ಅಲ್ಲ, ಕೊಳಕು ಆಯಿಲ್. ಪುಸ್ತಕದಲ್ಲಿ ಬರೆದ ಗಂಟೆಗೆ ಸರಿಯಾಗಿ ಬದಲಿಸಿದ ಗಾಡಿಯಾದರೆ ಎಂಜಿನ್ನಿನಷ್ಟೇ ಬಾಳುತ್ತದೆ. ಪಿಟಿಒ ಆನ್ ಮಾಡಿ, ಆಫ್ ಮಾಡಿ. ಆಫ್ ಮಾಡಿದ ಮೇಲೆ ಶಾಫ್ಟ್ ಬೇಗ ನಿಲ್ಲಬೇಕು. ಚಳಿಯಲ್ಲಿ ಸ್ವಲ್ಪ ಎಳೆದಾಡಿದರೆ ಪರವಾಗಿಲ್ಲ, ಬಿಸಿಯಾದ ಮೇಲೂ ಹಾಗೇ ಆದರೆ ಕ್ಲಚ್ ಪ್ಯಾಕ್ ನೋಡಬೇಕು. ನೋಡುವಾಗ ಶಾಫ್ಟಿನಿಂದ ದೂರ ನಿಲ್ಲಿ. ಕೋಟಿನ ಅಂಚು ಸಿಕ್ಕಿಕೊಂಡರೂ ಸಾಕು.

ಚಳಿಯ ಬಗ್ಗೆ. ಸ್ಟಾರ್ಟ್ ಮಾಡುವಾಗ ಹೈಡ್ರೋ ಪಂಪು ಎಂಜಿನ್ ಜೊತೆಗೇ ತಿರುಗುತ್ತದೆ. ಗೇರ್ ಗಾಡಿಯಲ್ಲಿ ಕ್ಲಚ್ ಒತ್ತಿ ಗೇರ್ ಬಾಕ್ಸನ್ನು ಬಿಡಿಸಬಹುದು, ಇದರಲ್ಲಿ ಬಹಳ ಗಾಡಿಗಳಲ್ಲಿ ಆ ಅನುಕೂಲ ಇಲ್ಲ. ಅದಕ್ಕೆ ಬ್ಯಾಟರಿ ಗಟ್ಟಿ ಇರಬೇಕು, ಎಂಜಿನ್ನಿಗೆ ಅದನ್ನು ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಕಿಸಿ. ತಯಾರಕರು ಚಳಿಗೆ ಅಂತ ತೆಳು ಹೈಡ್ರಾಲಿಕ್ ಆಯಿಲ್ ಹೇಳಿದ್ದರೆ ಅದನ್ನೇ ಹಾಕಿ. ಚಳಿಗಾಲದ ಡೀಸೆಲ್ಲೇ ತುಂಬಿಸಿ, ಬೇಸಿಗೆಯ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಸ್ಟಾರ್ಟ್ ಆದ ಮೇಲೆ 1200, 1500 ಆರ್‌ಪಿಎಂನಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ಬ್ಲೋವರ್ ಫ್ಯಾನ್ ಮಂಜುಗಡ್ಡೆಯಲ್ಲಿ ಅಂಟಿಕೊಂಡಿದೆಯಾ ಅಂತ ಸ್ಟಾರ್ಟ್ ಮಾಡುವ ಮುಂಚೆಯೇ ಕೋಲಿನಿಂದ ಆಡಿಸಿ ನೋಡಿ, ಪಿಟಿಒ ಆಫ್ ಇದ್ದರೂ ಎಂಜಿನ್ ಓಡುತ್ತಿರುವಾಗ ಬೇಡ. ಅಂಟಿಕೊಂಡಿರುವಾಗ ಪಿಟಿಒ ಹಾಕಿದರೆ ಬೋಲ್ಟ್ ಹೋಯಿತು ಅಂತಲೇ ಲೆಕ್ಕ. ಪಿಟಿಒ ಆನ್ ಮಾಡುವುದು 1000ದ ಹತ್ತಿರ, ಆಮೇಲೆ ಮೆಲ್ಲಗೆ ಏರಿಸಿ.

ಲೋಡರ್ ಬಕೆಟ್ ತೆಗೆಯಬೇಡಿ. ಹಿಂದೆ ಬ್ಲೋವರ್ ಎತ್ತಿದಾಗ ಗಾಡಿಯ ಮೂತಿ ಹಗುರಾಗಿ ಸ್ಟೀರಿಂಗ್ ಕೇಳಲ್ಲ, ಬಕೆಟ್ ಭಾರ ಅದಕ್ಕೆ ಸರಿದೂಗುತ್ತದೆ. ಹಿಂದಿನ ಟೈರಿಗೆ ಚೈನ್ ಹಾಕಿ. ಗೇರಾ ಹೈಡ್ರೋನಾ ಅಂತ ಚರ್ಚೆ ಮಾಡುವವರಲ್ಲಿ ಅರ್ಧ ಜನರಿಗೆ ನಿಜವಾಗಿ ಬೇಕಾಗಿರುವುದು ಚೈನ್.

ಪೆಡಲ್‌ರಾಜ:

ಶಿಯರ್ ಬೋಲ್ಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಡಬ್ಬಿಯಲ್ಲಿ ಸಿಕ್ಕಿದ ಗಟ್ಟಿ ಬೋಲ್ಟ್ ಹಾಕಬೇಡಿ ಸರ್. ಅದು ಮುರಿಯಲ್ಲ, ಅದರ ಬದಲು ಆಗರಿನ ಗೇರ್ ಬಾಕ್ಸ್ ಮುರಿಯುತ್ತದೆ. ಜಲ್ಲಿ ದಾರಿ ಅಂದಿರಿ. ನೆಲ ಹೆಪ್ಪುಗಟ್ಟುವವರೆಗೆ ಬ್ಲೋವರ್‌ನ ಸ್ಕಿಡ್ ಶೂ (ನೆಲದ ಮೇಲೆ ಜಾರುವ ಪಾದ) ಇಳಿಸಿ, ಅಂಚು ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಇರಲಿ. ಇಲ್ಲದಿದ್ದರೆ ಹಿಮದ ಜೊತೆ ಕಲ್ಲೂ ಹಾರುತ್ತದೆ. ಗ್ಯಾಸ್ ಟ್ಯಾಂಕ್ ಕಡೆಗೆ ಕೊಳವೆ ತಿರುಗಿಸಲೇಬೇಡಿ.

ಉದ್ದದಾರಿ:

ಕೊಳವೆ ಕಟ್ಟಿಕೊಂಡರೆ ಕೆಳಗಿಳಿದು ತೆಗೆಯಬೇಕಲ್ಲ, ಹೈಡ್ರೋದಲ್ಲಿ ಪಿಟಿಒ ಬಟನ್ ಆಫ್ ಮಾಡಿದರೆ ಸಾಕಾ?

ಗ್ರೀಸ್‌ಡಬ್ಬಿ:

ಸಾಲದು. ಪಿಟಿಒ ಆಫ್, ಪಾರ್ಕಿಂಗ್ ಬ್ರೇಕ್, ಎಂಜಿನ್ ಆಫ್, ಕೀ ಜೇಬಿಗೆ. ಫ್ಯಾನ್ ಪೂರ್ತಿ ನಿಂತಿದೆ ಅಂತ ಕಣ್ಣಾರೆ ನೋಡಿ. ಆಮೇಲೂ ಕೈ ಹಾಕಬೇಡಿ, ಕೋಲು ಹಾಕಿ. ಸಿಕ್ಕಿಕೊಂಡ ಆಗರ್ ಒಳಗೆ ತಿರುಚು ಉಳಿದಿರುತ್ತದೆ, ಹಿಮ ಬಿಡಿಸಿದ ಕೂಡಲೇ ಎಂಜಿನ್ ಇಲ್ಲದೆಯೂ ಒಂದು ಸಲ ತಿರುಗಬಹುದು. ಒದ್ದೆ ಹಿಮದ ದಿನ ಹೊರಡುವ ಮುಂಚೆ ಕೊಳವೆ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಮತ್ತೆ ಆ ದಿನ ಹೆದರಿ ತೀರಾ ನಿಧಾನ ಹೋಗಬೇಡಿ. ಸ್ವಲ್ಪ ಸ್ವಲ್ಪವೇ ಹೋದ ಒದ್ದೆ ಹಿಮ ಗೋಡೆಗೆ ಅಂಟುತ್ತಾ ಹೋಗುತ್ತದೆ. ಎಂಜಿನ್ ತಡೆಯುವಷ್ಟು ಬಾಯಿ ತುಂಬಾ ಕೊಟ್ಟರೆ ಹಿಂದಿನಿಂದ ಬರುವ ಹಿಮವೇ ಮುಂದಿನದನ್ನು ತಳ್ಳಿಕೊಂಡು ಹೋಗುತ್ತದೆ.